ಹುಬ್ಬಳ್ಳ್ಯಾಗ ‘ಲೈಫ್‌ಟೈಮ್ ವಾರಂಟಿ’ ಸ್ಕೋಪ್ ತಗೊಳ್ಳೋರು ರೊಕ್ಕ ಕೊಡೂಕಿಂತ ಮದಲ ಇದನ್ನ ಓದ್ರಿ

ನಿನ್ನಿ ರಾತ್ರಿ, ನಾವು ರೈಫಲ್ ಸ್ಕೋಪ್ (ಗುರಿ ಹಿಡಿಯೂ ದುರ್ಬೀನು) ತಗೊಂಡು ಮೋಸ ಹೋದ ಅಂಗಡಿಯವರ ವಾಟ್ಸ್ಯಾಪ್ ಸ್ಟೇಟಸ್‌ನ್ಯಾಗ ಮತ್ತ ಅದ ಡಬ್ಬಿ ಬಂದೈತಿ. ಅದ ಕರೀ ಡಬ್ಬಿ, ಮ್ಯಾಲ ಕೋಡಿನ ಜಿಂಕಿ ಚಿತ್ರ, ಮೂಲ್ಯಾಗ ಬಂಗಾರದ ಬಣ್ಣದ ಸ್ಟಿಕರ್: ಲೈಫ್‌ಟೈಮ್ ವಾರಂಟಿ. 9,800 ಇದ್ದ ರೇಟು ಈಗ 8,500ಕ್ಕ ಇಳದೈತಿ. ಇನ್ನೊಬ್ಬರು ಹೋಗಿ ಬೀಳೂದ್ರಾಗ ಬರದುಬಿಡೂಣಂತ ಕುಂತೀವಿ. ಅಂಗಡಿ ಹೆಸರು ಕೇಳಬ್ಯಾಡ್ರಿ, ಬರಿಯಾಂಗಿಲ್ಲ.

ಸ್ಕೋಪು 3-9×40, ಅಂದ್ರ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸೂದು, ಮುಂದಿನ ಲೆನ್ಸು 40 ಎಂಎಂ; ಒಂದಿಂಚಿನ ಟ್ಯೂಬು. ಹಾಕೂದು .177 ಇಂಚಿನ ಬ್ರೇಕ್ ಬ್ಯಾರಲ್ (ನಳಗಿ ಮಡಚಿ ಬಿಗಿಯೂ) ಸ್ಪ್ರಿಂಗ್ ಏರ್ ರೈಫಲ್ಲಿಗೆ, ಹೊಡಿಯೂದು 25 ಮೀಟರಿನ ಕಾಗದದ ಟಾರ್ಗೆಟ್ಟಿಗೆ. ಇಷ್ಟನ್ನೂ ಅಂಗಡ್ಯಾಗ ಬಾಯಿಬಿಟ್ಟು ಹೇಳಿದ ಮ್ಯಾಲನ ಬಂದ ಉತ್ತರ: “ಏ, ಇದು ದೊಡ್ಡ ರೈಫಲ್ಲಿನ ಸ್ಕೋಪ್ ಐತ್ರಿ ಸರ. ಥರ್ಟಿ ನಾಟ್ ಸಿಕ್ಸ್ ಹೊಡತಾ ತಡಿತೈತಿ, ನಿಮ್ಮ ಏರ್ ಗನ್ ಯಾವ ಲೆಕ್ಕ?” ಥರ್ಟಿ ನಾಟ್ ಸಿಕ್ಸ್ ಅಂದ್ರ ಮದ್ದಿನ ದೊಡ್ಡ ರೈಫಲ್ಲಿನ ಗುಂಡು. ಈ ಮಾತು ನೆನಪಿಡ್ರಿ. ವಾರಂಟಿ ಹೆಂಗ ಅಂದ್ರ, “ಲೈಫ್‌ಟೈಮ್ ರೀ. ಏನರ ಆದ್ರ ತಗೊಂಡು ಬರ್ರಿ, ನಾವ ಅದೀವಲ್ಲ.” ಬಿಲ್ಲು? “ಪಕ್ಕಾ ಬಿಲ್ಲಂದ್ರ ಜಿಎಸ್‌ಟಿ ಬ್ಯಾರೆ ಹತ್ತತೈತ್ರಿ.” ಕೈಚೀಟಿ ಇಸಗೊಂಡು ಬಂದದ್ದಾತು. ಇದು ನಮ್ಮ ತಪ್ಪ. ಸ್ಪ್ರಿಂಗ್ ಗನ್ನಿನ ಗುಣ ಗೊತ್ತಿದ್ದೂ ಆ ಥರ್ಟಿ ನಾಟ್ ಸಿಕ್ಸ್ ಮಾತಿಗೆ ತಲಿ ಆಡಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನಾಚಿಕಿ ಆಗತೈತಿ, ಆದ್ರೂ ಹೇಳತೀವಿ.

ಯಾಕ ತಪ್ಪು ಅಂದ್ರ, ಮದ್ದಿನ ರೈಫಲ್ಲು ಒದಿಯೂದು ಹಿಂದಕ್ಕ ಒಂದ ಸಲ. ಸ್ಕೋಪಿನ ಒಳಗಿನ ಲೆನ್ಸು, ರೆಟಿಕಲ್ಲು (ಗುರಿ ಹಿಡಿಯೂ ಗೆರಿ) ಎಲ್ಲಾ ಆ ಒಂದು ದಿಕ್ಕಿನ ಹೊಡತಕ್ಕ ಬಿಗಿ ಮಾಡಿರತಾರ. ಸ್ಪ್ರಿಂಗ್ ಏರ್ ರೈಫಲ್ಲಿನ್ಯಾಗ ಟ್ರಿಗರ್ ಒತ್ತಿದ ಕೂಡಲೇ ಪಿಸ್ಟನ್ ಮುಂದ ಓಡತೈತಿ, ಗನ್ನು ಹಿಂದ ಸರೀತೈತಿ. ಆ ಪಿಸ್ಟನ್ನು ಸಿಲಿಂಡರಿನ ತುದ್ಯಾಗ ಗಾಳಿ ಒತ್ತಿ ಗಕ್ಕನ ನಿಂತಾಗ ಗನ್ನು ಮುಂದಕ್ಕ ಜಿಗೀತೈತಿ. ಒಂದ ಹೊಡತದಾಗ ಎರಡು ಒದಿ, ಅದೂ ಉಲ್ಟಾ ಸುಲ್ಟಾ. ಈ ಮುಂದಕ್ಕ ಜಿಗಿಯೂ ಹೊಡತಾ ದುಬಾರಿ ಬೇಟಿ ಸ್ಕೋಪುಗಳನ್ನೂ ಕೆಡಿಸತೈತಿ. ಅದಕ್ಕ ಏರ್ ಗನ್ ರೇಟೆಡ್ ಅಂತ ತಯಾರಕರ ಬರದಿರಬೇಕು. ಅಂಗಡಿಯವರು ಬಾಯಿಲೆ ಹೇಳಿದ್ದು ಲೆಕ್ಕಕ್ಕ ಬರಂಗಿಲ್ಲ.

ಇನ್ನೊಂದು, ಬೇಟಿ ಸ್ಕೋಪಿನ ಪ್ಯಾರಲ್ಯಾಕ್ಸ್ (ಕಣ್ಣು ಸರದ್ರೂ ಗುರಿ ಸರಿಯದ ದೂರ) ಸಾಮಾನ್ಯವಾಗಿ 100 ಗಜಕ್ಕ, ಅಂದ್ರ 91 ಮೀಟರಿಗೆ ಕೂಡಿಸಿರತಾರ. 25 ಮೀಟರಿಗೆ ನೋಡಿದ್ರ, ಕಣ್ಣು ನಡಬರಕ ಇರದ ಅಂಚಿಗೆ ಸರದ್ರ, 40 ಎಂಎಂ ಲೆನ್ಸಿನ್ಯಾಗ ಗುರಿ 14 ಎಂಎಂ ತನಕ ಅತ್ತಿತ್ತ ಆಗಬಹುದು. ನಮಗ ಬೇಕಾದ್ದು ಮುಂದಿನ ಲೆನ್ಸಿನ ಸುತ್ತಲಿನ ಉಂಗುರ ತಿರುಗಿಸಿ 10 ಮೀಟರಿಗೂ ಹೊಂದಿಸೂವಂಥಾದ್ದು, ಎಒ ಅಂತಾರಲ್ಲ, ಅದು. ಜಿಂಕಿ ಚಿತ್ರದ ಡಬ್ಬಿ ನಮಗ ಯಾಕ ಬೇಕಿತ್ತು? 1972ರ ವನ್ಯಜೀವಿ ಕಾಯ್ದೆ ಇರೂ ದೇಶದಾಗ, ರಾಣೆಬೆನ್ನೂರಿನ ಕೃಷ್ಣಮೃಗಧಾಮ ಬಗಲಿಗೆ ಇಟಗೊಂಡು, ‘ಹಂಟಿಂಗ್’ ಅಂತ ಬರದ ಸ್ಕೋಪಿಗೆ ಮರುಳಾದ್ವಿ.

ಸುಮಾರು 300 ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ತನಕ ಛಲೋ ಇತ್ತು. ಆಮ್ಯಾಲ ಗ್ರೂಪ್, ಅಂದ್ರ ಕಾಗದದ ಮ್ಯಾಲಿನ ತೂತಿನ ಗುಂಪು, ಎರಡಾಗಿ ಒಡೀತು. ಮೂರು ಪೆಲೆಟ್ ಒಂದು ಕಡೆ, ಎರಡು ಪೆಲೆಟ್ ನಾಕು ಸೆಂಟಿಮೀಟರ್ ಕೆಳಗ. ಸ್ಕೋಪಿನ ಮ್ಯಾಲ ತಪ್ಪು ಹಾಕೂಕಿಂತ ಮದಲ ನೋಡಬೇಕಾದ್ದೆಲ್ಲಾ ನೋಡೇತಿ. ಸ್ಕೋಪ್ ಹಿಡಿಯೂ ಮೌಂಟಿನ ಹಿಂದ ಗನ್ನಿನ 11 ಎಂಎಂ ಡವ್‌ಟೇಲ್ ಹಳಿ ಮ್ಯಾಲ ಪೆನ್ಸಿಲ್ ಗೆರಿ ಹಾಕಿ 20 ಪೆಲೆಟ್ ಹೊಡದ್ರ ಮೌಂಟು ಸರದಿಲ್ಲ, ಸ್ಟಾಪ್ ಪಿನ್ನು ತನ್ನ ತೂತಿನಾಗ ಐತಿ. ರಿಂಗಿನ ಸ್ಕ್ರೂ ಟಾರ್ಕ್ ಪಾನಾದಿಂದ 16 ಇಂಚ್ ಪೌಂಡ್, ಅಂದ್ರ 1.8 ನ್ಯೂಟನ್ ಮೀಟರ್. ಸ್ಟಾಕಿನ ಸ್ಕ್ರೂ ಬಿಗಿ. ಸ್ಕೋಪ್ ತಗದು ಗನ್ನಿನ ಸ್ವಂತ ಸೈಟಿಲೆ ಹೊಡದ್ರ ಗ್ರೂಪ್ ಒಂದ ಕಡೆ. ಬ್ಯಾರೆ ಸ್ಕೋಪ್ ಕೂಡಿಸಿದ್ರೂ ಗ್ರೂಪ್ ಒಂದ ಕಡೆ. ಅಂದಮ್ಯಾಲ?

ಕಡೀಕ ಬಾಕ್ಸ್ ಟೆಸ್ಟ್. ಇದರ ಟರೆಟ್ (ಗುರಿ ಸರಿಸೂ ತಿರುಗಣಿ) ಒಂದು ಕ್ಲಿಕ್ಕಿಗೆ ಕಾಲು ಎಂಒಎ (ಎಂಒಎ ಅಂದ್ರ ಡಿಗ್ರಿಯ ಅರವತ್ತನೇ ಒಂದು ಪಾಲು). 25 ಮೀಟರಿಗೆ ಅದು 1.8 ಎಂಎಂ, 20 ಕ್ಲಿಕ್ಕಿಗೆ 36 ಎಂಎಂ ಸರೀಬೇಕು. ಮ್ಯಾಲ 20, ಬಲಕ್ಕ 20, ಕೆಳಗ 20, ಎಡಕ್ಕ 20, ಪ್ರತಿ ಮೂಲಿಗೆ ಮೂರು ಪೆಲೆಟ್. ಚೌಕ ಮೂಡಿ ಮದಲಿನ ತೂತಿಗೇ ವಾಪಸ್ ಬರಬೇಕು. ಇಲ್ಲೆ 20 ಕ್ಲಿಕ್ ಮ್ಯಾಲ ತಿರುವಿದ್ರ 14 ಎಂಎಂ ಸರೀತು. ಟರೆಟ್ ಮ್ಯಾಲ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಕಿಲೆ ಎರಡು ಸಲ ತಟ್ಟಿ ಹೊಡದ್ರ ಮುಂದಿನ ಪೆಲೆಟ್ 31ಕ್ಕ ಹೋಗಿ ಕುಂತತು. ಗುರಿ ಸರಿಸೂ ಒಳಗಿನ ಸಣ್ಣ ಟ್ಯೂಬನ್ನ (ಇರೆಕ್ಟರ್ ಅಂತಾರ) ಟರೆಟ್ ಸ್ಕ್ರೂಗೆ ಒತ್ತಿ ಹಿಡಿಯೂ ಸ್ಪ್ರಿಂಗ್ ಸೋತೈತಿ, ಟ್ಯೂಬು ತೇಲಾಕತ್ತೈತಿ. ಎಷ್ಟೋ ಬ್ರೇಕ್ ಬ್ಯಾರಲ್ ಗನ್ನಿನ ನಳಗಿ ಸ್ವಲ್ಪ ತಲಿ ಬಗ್ಗಿಸಿಕೊಂಡಿರತೈತಿ. ಅದನ್ನ ಸರಿದೂಗಿಸಾಕ ಟರೆಟ್ ತುದಿ ಮುಟ್ಟೂತನಕ ಮ್ಯಾಲ ತಿರುವಿದ್ರೂ ಆ ಸ್ಪ್ರಿಂಗ್ ಸಡಲಾಗಿ ಹಿಂಗ ಆಗತೈತಿ, ಅದಕ್ಕ ಸ್ಕೋಪನ್ನೂ ಅಷ್ಟ ಬಗ್ಗಿಸೂ ಡ್ರೂಪ್ ಮೌಂಟ್ ಹಾಕಬೇಕು. ನಮ್ಮದರಾಗ ಟರೆಟ್ ನಡುವಿನಿಂದ 12 ಕ್ಲಿಕ್ ಅಷ್ಟ ದೂರ ಇತ್ತು. ಈ ನೆಪಾನೂ ಅವರಿಗೆ ಸಿಗಬಾರದಂತ ಎಣಿಸಿ, ಫೋಟೊ ತಗದು ಇಟ್ಟಿದ್ವಿ.

ಅಂಗಡಿಗೆ ಒಯ್ದಾಗ ಬಂದ ಮದಲನೇ ಮಾತು: “ನೀವು ಹೊಡಿಯೂದರಾಗ ಏನರ ವ್ಯತ್ಯಾಸ ಆಗಿರಬೇಕ್ರಿ ಸರ.” ಟಾರ್ಗೆಟ್ ಕಾಗದ ತೋರಿಸಿದ್ವಿ. “ಪೆಲೆಟ್ ಬದಲಿ ಮಾಡಿ ನೋಡ್ರಿ.” ಮಾಡೇವಿ ಅಂದ್ವಿ. “ಸರಿ ಬಿಡ್ರಿ, ಕಂಪನಿಗೆ ಕಳಸೂಣು.” ಯಾವ ಕಂಪನಿ, ಯಾವ ಊರು? “ಅದು ನಮ್ಮ ಡಿಸ್ಟ್ರಿಬ್ಯೂಟರ್ ನೋಡ್ತಾರ್ರಿ.” ಹದಿನೈದು ದಿನ ಅಂದ್ರು. ಆಮ್ಯಾಲ ವಾಟ್ಸ್ಯಾಪಿನಾಗ ಬಂದ ಉತ್ತರ ಇದ್ದಂಗ ಹಾಕತೀವಿ. “ಹೋಗೇತ್ರಿ ಸರ.” “ಪಾರ್ಟ್ ಬರಬೇಕ್ರಿ.” “ಹಬ್ಬ ಐತಿ, ಸೋಮವಾರ.” “ಸೋಮವಾರ ಖರೆ ಸರ.” ಏಳು ವಾರ. ಏಳು ವಾರ ಆದಮ್ಯಾಲ ಡಬ್ಬಿ ಬಂತು, ಜೋಡಿ 650 ರೂಪಾಯಿ ಕೊರಿಯರ್ ಖರ್ಚಿನ ಚೀಟಿ. ಟ್ಯೂಬಿನ ಮ್ಯಾಲ ಹೊಸಾ ಸ್ಟಿಕರ್: ಸರ್ವಿಸ್ ಆಗೇತಿ, ಟೆಸ್ಟ್ ಓಕೆ.

ಈಗ ಮುಖ್ಯ ಮಾತು. ಕೊಡೂಕಿಂತ ಮದಲ ನಾಕು ಜಾಗಾದಾಗ ಉಗರಬಣ್ಣದಿಂದ ಕೂದಲೆಳಿಯಷ್ಟು ಸಣ್ಣ ಗೆರಿ ಹಾಕಿತ್ತು. ಕಣ್ಣಿನ ಕಡೆ ಲಾಕ್ ರಿಂಗು ಟ್ಯೂಬಿಗೆ ಕೂಡೂ ಸಂದು, ಎರಡೂ ಟರೆಟ್ಟಿನ ಬುಡ, ಮುಂದಿನ ಲೆನ್ಸಿನ ರಿಂಗು. ಇರೆಕ್ಟರ್ ಸ್ಪ್ರಿಂಗ್ ಬದಲಿ ಮಾಡಬೇಕಂದ್ರ ಇದರಾಗ ಒಂದನ್ನರ ಬಿಚ್ಚಲೇಬೇಕು, ಬಿಚ್ಚಿದ್ರ ಗೆರಿ ಒಡೀಲೇಬೇಕು. ನಾಕೂ ಗೆರಿ ಇದ್ದಂಗ ಇದ್ವು. ಒಂದೂ ಒಡದಿಲ್ಲ! ಯಾರೂ ಬಿಚ್ಚೇ ಇಲ್ಲ. ಟರೆಟ್ ನಡುವಿಗೆ ತಂದಾರ, ಲೆನ್ಸ್ ಒರಸ್ಯಾರ, ಸ್ಟಿಕರ್ ಹಚ್ಚ್ಯಾರ. ಏಳು ವಾರ ಅದು ಹುಬ್ಬಳ್ಳಿ ದಾಟಿತ್ತೋ ಇಲ್ಲೋ, ದೇವರಿಗೇ ಗೊತ್ತು. ಬಾಕ್ಸ್ ಟೆಸ್ಟ್ ಮತ್ತ ಮಾಡಿದ್ರ ಅದ ಕಥಿ.

ಗೆರಿ ಫೋಟೊ ಮುಂದಿಟ್ಟಾಗ ದನಿ ಬದಲಾತು. “ಸರ, ನೀವು ಸ್ಪ್ರಿಂಗ್ ಗನ್ನಿಗೆ ಹಾಕೀರಿ. ಅದಕ್ಕ ವಾರಂಟಿ ನಡಿಯಾಂಗಿಲ್ರಿ. ಕಾರ್ಡಿನ್ಯಾಗ ಬರದೈತಿ ನೋಡ್ರಿ.” ಬರದೈತಿ, ಖರೆ. ಸೀಲ್ ಹಾಕಿದ ಡಬ್ಬಿ ಒಳಗ, ಇರಿವಿ ಸಾಲಿನಂಥಾ ಅಕ್ಷರದಾಗ. ಹಂಗಾರ ಥರ್ಟಿ ನಾಟ್ ಸಿಕ್ಸ್ ತಡಿತೈತಿ ಅಂದದ್ದು ಯಾರು? “ನಾ ಹಂಗ ಅಂದಿಲ್ರಿ.” ಸ್ಪ್ರಿಂಗ್ ಗನ್ನಿಗೆ ಬರಂಗಿಲ್ಲ ಅನ್ನೂದು ತಾಂತ್ರಿಕವಾಗಿ ಸರಿ ಮಾತ. ರೊಕ್ಕ ಎಣಿಸಿಕೊಳ್ಳೂಕಿಂತ ಮದಲ ಹೇಳಬೇಕಿತ್ತು, ಅಷ್ಟ. ನಾಚಿಕಿಲ್ಲದ ಮಂದಿ.

ಡಬ್ಬಿ ಮ್ಯಾಲಿನ ತಯಾರಕರಿಗೆ ಸೀರಿಯಲ್ ನಂಬರ್ ಮೇಲ್ ಮಾಡಿದ್ದಕ್ಕ ಮೂರು ದಿನಕ್ಕ ಉತ್ತರ ಬಂತು: ಈ ನಂಬರ್ ಬ್ಯಾರೆ ದೇಶದ ಮಾರಾಟಕ್ಕ ಹೋದದ್ದು, ಯಾರ ಕಡೆ ತಗೊಂಡ್ರೋ ಅವರನ್ನ ಕೇಳ್ರಿ. ಅಂದ್ರ ಲೈಫ್‌ಟೈಮ್ ಸುಳ್ಳಲ್ಲ, ಆದ್ರ ನಮಗಲ್ಲ. ಅಮೆರಿಕದ ಕೆಲವು ಕಂಪನಿಗಳು ಬಿಲ್ಲಿಲ್ಲದಿದ್ರೂ ರಿಪೇರಿ ಮಾಡಿಕೊಡ್ತಾರ ಅನ್ನೂದು ಖರೆ. ಹುಬ್ಬಳ್ಳಿಯಿಂದ ಅಲ್ಲಿಗೆ ಕಳಿಸೂ ಖರ್ಚು ಯಾರದು, ವಾಪಸ್ ಬರೂ ಮುಂದ ಕಸ್ಟಮ್ಸ್ ಯಾರು ನೋಡ್ತಾರ? ರೈಫಲ್ ಸ್ಕೋಪು ಅಲ್ಲಿಂದ ಹೊರಗ ಬರಾಕ ಅಲ್ಲಿನ ರಫ್ತು ನಿಯಮಾನೂ ಅಡ್ಡ ಐತಿ. ನಮ್ಮ ದೇಶದಾಗ ರಿಪೇರಿ ಮಾಡೂ ಅಧಿಕೃತ ಡಿಸ್ಟ್ರಿಬ್ಯೂಟರ್ ಇಲ್ಲಂದ್ರ ಆ ವಾರಂಟಿ ಉಪ್ಪಿನಕಾಯಿ ಹಾಕಾಕೂ ಬರಂಗಿಲ್ಲ.

ತಗೊಳ್ಳೂದ ಇದ್ರ ಡಬ್ಬಿ ಮ್ಯಾಲ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ಯಾವ ದೇಶದ್ದು, ಇವು ಅದಾವೋ ನೋಡ್ರಿ. 2011ರ ಪೊಟ್ಟಣ ಸಾಮಾನಿನ ತೂಕ-ಅಳತಿ ನಿಯಮದ ಪ್ರಕಾರ ಇರಲೇಬೇಕು. ನಮ್ಮ ಡಬ್ಬಿ ಮ್ಯಾಲ ಜಿಂಕಿ ಇತ್ತು, ಇವುಗಳಾಗ ಒಂದೂ ಇರಲಿಲ್ಲ. ವಾರಂಟಿ ಕಾರ್ಡ್ ಅಂಗಡ್ಯಾಗ ಬಿಚ್ಚಿಸಿ ಓದ್ರಿ. ಸ್ಕೋಪನ್ನ ರಟ್ಟಿನ ಡಬ್ಬಿಗೆ ವಿ ಆಕಾರದ ಕಚ್ಚು ಕತ್ತರಿಸಿ ಕೂಡಿಸಿ, ರಸ್ತೆ ಆಚೆ ಬೋರ್ಡಿನ ಒಂದು ಅಕ್ಷರಕ್ಕ ಹಿಡದು ಟರೆಟ್ ತಿರುವ್ರಿ. ಪ್ರತಿ ಕ್ಲಿಕ್ಕಿಗೆ ರೆಟಿಕಲ್ ಸರೀಬೇಕು, ನಾಕು ಕ್ಲಿಕ್ ಸುಮ್ನಿದ್ದು ಆಮ್ಯಾಲ ಜಿಗದ್ರ ಅಲ್ಲೇ ಇಟ್ಟು ಬರ್ರಿ. ಅಂಗಡಿಯವ ಮುಖ ಸಿಂಡರಿಸತಾನ, ಸಿಂಡರಿಸಲಿ. ಮನಿಗೆ ತಂದ ಮ್ಯಾಲ 20 ನಿಮಿಷ ಫ್ರಿಜ್ಜಿನಾಗ ಇಟ್ಟು ತಗದು ಹೊರಗಿನ ಮಂಜು ಒರಸ್ರಿ. ಒಳಗಿನ ಗಾಜಿಗೆ ಮಂಜು ಕುಂತಿದ್ರ ಮಂಜು ಕೂಡಬಾರದಂತ ಒಳಗ ತುಂಬಿದ ನೈಟ್ರೋಜನ್ ಹೋಗೇತಿ, ಓ-ರಿಂಗ್ (ಸಂದು ಮುಚ್ಚೂ ರಬ್ಬರ್ ಉಂಗುರ) ಸೋರತೈತಿ. ಧಾರವಾಡದ ಜುಲೈ ಮಳ್ಯಾಗ ಅದು ಕೆಲಸಕ್ಕ ಬರಂಗಿಲ್ಲ. ರಿಂಗಿನ ಸ್ಕ್ರೂ ಕೈಬಲ ಹಾಕಿ ಬಿಗಿಬ್ಯಾಡ್ರಿ, ಟ್ಯೂಬಿಗೆ ತಗ್ಗು ಬಿದ್ರ ವಾರಂಟಿ ತಪ್ಪಿಸಾಕ ಅವರಿಗೆ ಅದೊಂದ ಸಾಕು.

ಪಕ್ಕಾ ಬಿಲ್ಲು ತಗೋರಿ, ಜಿಎಸ್‌ಟಿ ಹೋದ್ರ ಹೋಗಲಿ. ಕೈಚೀಟಿ ಹಿಡಕೊಂಡು ನಾವು ಈಗ ಯುಪಿಐ ರಸೀದಿ, ವಾಟ್ಸ್ಯಾಪ್ ಮಾತು ಕೂಡಿಸಾಕತ್ತೀವಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡಿ ದೂರು ಬರಿಸೇತಿ. ಅದರಾಗ ಬಗಿಹರೀಲಿಲ್ಲಂದ್ರ ಧಾರವಾಡ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದ ತನಕ ಫೀ ಇಲ್ಲ, ಎರಡು ವರ್ಷದೊಳಗ ಹಾಕಬೇಕು. 2019ರ ಕಾಯ್ದಿ ಪ್ರಕಾರ ಕೊಂಡವರು ಇರೂ ಊರಾಗ ಹಾಕಬಹುದು, ಗದಗ, ಹಾವೇರಿಯವರು ಇದಕ್ಕಂತ ಹುಬ್ಬಳ್ಳಿಗೆ ಬರಬೇಕಾಗಿಲ್ಲ. ಸ್ಕೋಪು ಡಬ್ಬ್ಯಾಗ ಐತಿ, ನಾಕೂ ಗೆರಿ ಇನ್ನೂ ಇದ್ದಂಗ ಅದಾವ. ಆ ಅಂಗಡಿಗೆ ಸ್ಕೋಪ್ ಕೊಟ್ಟು ರಿಪೇರಿಗೆ ಕಾಯಾಕತ್ತಿದ್ದವರು ಇದ್ರ, ವಾಪಸ್ ಬಂದ ಕೂಡಲೇ ಲಾಕ್ ರಿಂಗಿನ ಸಂದು ಭೂತಗನ್ನಡಿ ಹಿಡದು ನೋಡ್ರಿ. ಇನ್ನೂ ಕೊಟ್ಟಿಲ್ಲಂದ್ರ ಉಗರಬಣ್ಣದ ಬಾಟ್ಲಿ ಹತ್ತು-ಇಪ್ಪತ್ತು ರೂಪಾಯಿಗೆ ಸಿಗತೈತಿ.