ಪ್ಯಾರಿಸಿನಲ್ಲಿ ಟ್ಯುನೀಷಿಯನ್ ಊಟ: ‘ತರಕಾರಿ ಕುಸ್ಕುಸ್’ ಅಂದದ್ದನ್ನು ನಂಬುವ ಮುಂಚೆ

ಪ್ಯಾರಿಸಿನ ಬೆಲ್‌ವಿಲ್ ಬಡಾವಣೆ ಕಡೆ ಟ್ಯುನೀಷಿಯನ್ ಊಟ ಹುಡುಕಿಕೊಂಡು ಹೋಗುವ ಸಸ್ಯಾಹಾರಿಗಳು ದಯವಿಟ್ಟು ಓದಿ. ಅಲ್ಲಿನ ಒಂದು ಹೋಟೆಲಿನಲ್ಲಿ (ಹೆಸರು ಬೇಡ, ಅಂಥವು ಇನ್ನೂ ಇವೆ) ‘ಕುಸ್ಕುಸ್ ಓ ಲೆಗ್ಯೂಮ್’, ಅಂದರೆ ತರಕಾರಿ ಕುಸ್ಕುಸ್ (ಹಬೆಯಲ್ಲಿ ಬೇಯಿಸಿದ ಗೋಧಿ ರವೆಯ ಊಟ), ಅಂತ ಬೋರ್ಡಿನಲ್ಲಿ ಬರೆದಿತ್ತು. ತಟ್ಟೆಯಲ್ಲಿ ಸಿಹಿಗುಂಬಳ, ಗಜ್ಜರಿ, ಕಾಬೂಲಿ ಕಡಲೆ ಎಲ್ಲ ಇತ್ತು. ಅರ್ಧ ಊಟವಾದ ಮೇಲೆ ತಳದಲ್ಲಿ ಕುರಿಯ ಮೂಳೆಯ ಚೂರು ಸಿಕ್ಕಿತು. ಕೇಳಿದರೆ, ‘ಮಾಂಸದ ತುಂಡು ಹಾಕಿಲ್ಲವಲ್ಲ!’ ಅನ್ನುವ ಉತ್ತರ.

ಅವರ ಲೆಕ್ಕದಲ್ಲಿ ಅದು ಮೋಸವೂ ಅಲ್ಲ. ಕುಸ್ಕುಸ್ ಬೇಯುವುದು ಎರಡಂತಸ್ತಿನ ಪಾತ್ರೆಯಲ್ಲಿ. ಕೆಳಗೆ ಮಾಂಸ, ತರಕಾರಿ, ಟೊಮೆಟೊ ಹಾಕಿದ ಸಾರು ಕುದಿಯುತ್ತದೆ; ಮೇಲಿನ ತೂತಿನ ಪಾತ್ರೆಯಲ್ಲಿ ಎಣ್ಣೆ, ಉಪ್ಪುನೀರು ಹಚ್ಚಿದ ರವೆ ಅದೇ ಸಾರಿನ ಹಬೆಯಲ್ಲಿ ಬೇಯುತ್ತದೆ. ಒಮ್ಮೆ ಬೆಂದದ್ದನ್ನು ಇಳಿಸಿ, ಗಂಟು ಬಿಡಿಸಿ, ನೀರು ಚಿಮುಕಿಸಿ ಮತ್ತೆ ಹಬೆಗಿಡುತ್ತಾರೆ. ಮೊರೊಕ್ಕೊ ಶೈಲಿಯ ಹೋಟೆಲುಗಳಲ್ಲಿ ಬಿಳಿ ರವೆ ಬೇರೆ, ಸಾರು ಬೇರೆ ಬರುವುದು ಹೆಚ್ಚು. ಟ್ಯುನೀಷಿಯದವರು ಬಡಿಸುವ ಮುಂಚೆಯೇ ಕೆಂಪು ಸಾರನ್ನು ರವೆಗೆ ಕಲಸಿ ಮುಚ್ಚಿಡುತ್ತಾರೆ, ಅದಕ್ಕೇ ಆ ಬಣ್ಣ. ಹಾಗಾಗಿ ‘ಸಾರು ಬೇಡ, ತರಕಾರಿ ಮಾತ್ರ ಹಾಕಿ’ ಅಂದರೆ ಏನೂ ಉಪಯೋಗವಿಲ್ಲ. ಕೇಳಬೇಕಾದ್ದು ತರಕಾರಿಯ ಸಾರು ಬೇರೆ ಪಾತ್ರೆಯಲ್ಲಿ ಆಗಿದೆಯೇ ಅಂತ. ಸಾಮಾನ್ಯವಾಗಿ ಆಗಿರುವುದಿಲ್ಲ. ತಮಾಷೆ ಎಂದರೆ, ಪೊಟ್ಟಣದ ದಿಢೀರ್ ಕುಸ್ಕುಸ್‌ಗೆ ಕುದಿನೀರು ಸುರಿದು ಐದು ನಿಮಿಷ ಮುಚ್ಚಿಡುವ ಕಳಪೆ ಹೋಟೆಲಿನ ಬರೀ ರವೆಯೇ ಸಸ್ಯಾಹಾರಿಗೆ ಹೆಚ್ಚು ಸುರಕ್ಷಿತ!

ಎರಡನೆಯ ಅಪಾಯ ಟ್ಯೂನಾ ಮೀನು. ‘ಸಾ ವಿಯಾಂಡ್’ (ಮಾಂಸ ಬೇಡ) ಅಂದರೆ ಮೀನು ಬೇಡವೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ಸುಟ್ಟ ಮೆಣಸಿನಕಾಯಿ, ಟೊಮೆಟೊ, ಬೆಳ್ಳುಳ್ಳಿ ಕೊಚ್ಚಿ ಮಾಡುವ ಮೆಶ್ವಿಯಾ ನಮ್ಮ ನಾಲಿಗೆಗೆ ಹೇಳಿ ಮಾಡಿಸಿದಂತಿದೆ, ಆದರೆ ಮೇಲೆ ಮೊಟ್ಟೆಯ ಹೋಳಿನ ಜೊತೆ ಟ್ಯೂನಾ ಉದುರಿಸಿ ಕೊಡುತ್ತಾರೆ. ಕಡಲೆಯ ಸೂಪಾದ ಲಬ್ಲಾಬಿಯಲ್ಲಿ, ಕರಿದ ಬನ್ನಿನ ಫ್ರಿಕಾಸೆಯಲ್ಲಿ, ತೆಳು ಹಾಳೆ ಮಡಚಿ ಕರಿದ ಬ್ರಿಕ್‌ನಲ್ಲಿ, ಎಲ್ಲದರಲ್ಲೂ ಅದೇ. ‘ನಿ ವಿಯಾಂಡ್, ನಿ ಪ್ವಾಸೋ, ನಿ ತೋ’ ಅಂತ ಮೂರನ್ನೂ ಬಿಡಿಸಿ ಹೇಳಿ: ಮಾಂಸ, ಮೀನು, ಟ್ಯೂನಾ ಯಾವುದೂ ಬೇಡ. ಅನುಮಾನವಿದ್ದರೆ ಅಲರ್ಜಿ ಪಟ್ಟಿ ಕೇಳಿ. ಯುರೋಪಿಯನ್ ಒಕ್ಕೂಟದ ನಿಯಮದ 14 ಅಲರ್ಜಿ ಪದಾರ್ಥಗಳಲ್ಲಿ ಮೀನು, ಮೊಟ್ಟೆ ಎರಡೂ ಇವೆ. ಮಾಂಸ ಆ ಪಟ್ಟಿಯಲ್ಲಿ ಬರುವುದಿಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು.

‘ತಾಜಿನ್’ ಅಂದಾಗ ಮಣ್ಣಿನ ಮುಚ್ಚಳದ ಪಾತ್ರೆ ಬರುತ್ತದೆಂದು ಕಾಯಬೇಡಿ, ಅದು ಮೊರೊಕ್ಕೊದ್ದು. ಟ್ಯುನೀಷಿಯದ ತಾಜಿನ್ ಮೊಟ್ಟೆ, ಚೀಸ್, ಸಾಮಾನ್ಯವಾಗಿ ಮಾಂಸವನ್ನೂ ಸೇರಿಸಿ ಒವನ್ನಿನಲ್ಲಿ ಬೇಯಿಸಿ ಚೌಕಕ್ಕೆ ಕತ್ತರಿಸಿದ್ದು.

ಮೊಟ್ಟೆ ತಿನ್ನುವವರಿಗೆ ಹೋಟೆಲಿನ ಗುಣ ತಿಳಿಯಲು ಬ್ರಿಕ್ ಒಳ್ಳೆಯ ಪರೀಕ್ಷೆ. ಹಿಟ್ಟಿನ ತೆಳು ಮಲ್ಸೂಕಾ ಹಾಳೆಯಲ್ಲಿ ಪಾರ್ಸ್ಲಿ, ಕೇಪರ್ ಮೊಗ್ಗು ಇಟ್ಟು, ಹಸಿ ಮೊಟ್ಟೆ ಒಡೆದು ಹಾಕಿ, ಮಡಚಿದ ಕೂಡಲೇ ಬಿಸಿ ಎಣ್ಣೆಗೆ ಜಾರಿಸಬೇಕು. ಒಂದೆರಡು ನಿಮಿಷದ ಕೆಲಸ. ಮಡಚಿ ಇಟ್ಟರೆ ಹಾಳೆ ನೆನೆದು ಹರಿಯುತ್ತದೆ, ಎಣ್ಣೆ ಕಾಯದಿದ್ದರೆ ಎಣ್ಣೆ ಕುಡಿಯುತ್ತದೆ. ಮೇಲೆ ಹೇಳಿದ ಹೋಟೆಲಿನಲ್ಲಿ ಬಂದದ್ದು ಮುಂಚೆಯೇ ಕರಿದು ಮತ್ತೆ ಬಿಸಿ ಮಾಡಿದ್ದು: ಮೊಟ್ಟೆಯ ಹಳದಿ ಗಟ್ಟಿ, ಅಂಚಿನಲ್ಲಿ ಬೂದು ಗೆರೆ, ಹಾಳೆ ಚರ್ಮದ ಹಾಗೆ. ಕಚ್ಚಿದಾಗ ಹಳದಿ ಹರಿಯದಿದ್ದರೆ ಆಗಲೇ ವಾಪಸ್ ಕೊಡಿ; ತಿಂದು ಮುಗಿಸಿ ದೂರಿದರೆ ಯಾರೂ ಕೇಳುವುದಿಲ್ಲ. ಆಮೇಲೆ ಹಿಟ್ಟಿನಲ್ಲಿ ಮಾಡಿದ ಯಾವುದನ್ನು ಕೇಳಲೂ ಧೈರ್ಯ ಬರಲಿಲ್ಲ ಅನ್ನಿ.

ಹರಿಸ್ಸಾ (ಮೆಣಸಿನಕಾಯಿಯ ಖಾರದ ಚಟ್ನಿ) ಬಟ್ಟಲನ್ನು ಮೂಸಿ ನೋಡಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಶಾಹಿ ಜೀರಿಗೆಯಂಥ ಕ್ಯಾರವೇ, ಆಲಿವ್ ಎಣ್ಣೆ, ಇಷ್ಟರ ವಾಸನೆ ಬರಬೇಕು. ಡಬ್ಬಿಯದಾದರೂ ತಪ್ಪೇನಿಲ್ಲ. ವಿನೆಗರ್ ಮತ್ತು ಟೊಮೆಟೊ ಪೇಸ್ಟ್ ಮೂಗಿಗೆ ಬಡಿದರೆ ಅವನ್ನೇ ಬೆರೆಸಿ ಹಿಗ್ಗಿಸಿದ್ದು.

ಬಿಲ್ಲಿನಲ್ಲಿ ನೋಡಬೇಕಾದ್ದು ಕೆಮಿಯಾ. ಕೂತ ಕೂಡಲೇ ಆಲಿವ್, ಉಪ್ಪಿನಕಾಯಿ, ಗಜ್ಜರಿಯ ಖಾರದ ಮುದ್ದೆ ಕೇಳದೆಯೇ ತಂದಿಡುತ್ತಾರೆ. ಬಹಳ ಕಡೆ ಅದಕ್ಕೆ ದುಡ್ಡಿಲ್ಲ, ಆ ಹೋಟೆಲಿನಲ್ಲಿ ತಲೆಗೊಂದರಂತೆ ಬಿಲ್ಲಿಗೆ ಸೇರಿಸಿದ್ದರು. ಮುಟ್ಟುವ ಮುಂಚೆ ‘ಸೆ ಒಫೇರ್?’ (ಇದು ಉಚಿತವೇ?) ಅಂತ ಕೇಳಿ. ನೀರಿಗೆ ‘ಯುನ್ ಕರಾಫ್ ದೋ’ (ಒಂದು ಹೂಜಿ ನೀರು) ಅನ್ನಿ. ಊಟದ ಜೊತೆ ನಲ್ಲಿ ನೀರು, ಬ್ರೆಡ್ಡು ಫ್ರಾನ್ಸಿನಲ್ಲಿ ಬಿಟ್ಟಿ. ಬರೀ ‘ನೀರು’ ಅಂದರೆ ಬಾಟಲಿ ಬರುತ್ತದೆ, ಅದರ ದರವೂ ಬಿಲ್ಲಿಗೆ ಬರುತ್ತದೆ.