ಹುಡುಕಾಟದ ಡೇಟಾ: ನಾನು ಬಳಸಿ ನೋಡಿದ ನಾಲ್ಕು ದಾರಿ

ಸಣ್ಣ ವ್ಯಾಪಾರದವರ ವೆಬ್‌ಸೈಟ್‌ಗಳಿಗೆ ನಾನು ಎಸ್‌ಇಒ ಕೆಲಸ ಮಾಡುತ್ತೇನೆ, ಅಂದರೆ ಜನ ಹುಡುಕಿದಾಗ ಆ ಸೈಟು ಮೇಲೆ ಕಾಣುವಂತೆ ಮಾಡುವ ಕೆಲಸ. ಸೀರೆ ಅಂಗಡಿ, ಹಲ್ಲಿನ ಕ್ಲಿನಿಕ್, ಹೋಮ್‌ಸ್ಟೇ, ಹೀಗೆ. ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಜನ ಏನಂತ ಹುಡುಕುತ್ತಾರೆ? ಹುಡುಕಿದ ಮೇಲೆ ಯಾವುದನ್ನು ಒತ್ತುತ್ತಾರೆ? ಇದಕ್ಕೆ ಉತ್ತರ ಸಿಗುವ ನಾಲ್ಕು ಕಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಜೊತೆಗೆ ನನ್ನದೇ ಒಂದು ಪ್ರಶ್ನೆ ಸೇರಿಸಿಕೊಂಡೆ. ಹುಡುಕಿದವರು ಯಾರು ಅನ್ನೋದು ಇದರಿಂದ ಗೊತ್ತಾಗಿಬಿಡುತ್ತದಾ?

ಮೊದಲನೆಯದು ಎಒಎಲ್ ಫೈಲು. 2006ರ ಆಗಸ್ಟ್ 4ರಂದು ಅಮೆರಿಕದ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿಯ ಸಂಶೋಧನಾ ವಿಭಾಗ ಇದನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿತು. ಆ ವರ್ಷದ ಮಾರ್ಚ್‌ನಿಂದ ಮೇ ತನಕದ ಮೂರು ತಿಂಗಳು, ಸುಮಾರು ಆರೂವರೆ ಲಕ್ಷ ಜನ, 2 ಕೋಟಿ ಹುಡುಕಾಟ. ಹೆಸರಿನ ಜಾಗದಲ್ಲಿ ನಂಬರ್ ಹಾಕಿದ್ದರು. ಮೂರೇ ದಿನಕ್ಕೆ ವಾಪಸ್ ತೆಗೆದರು. ಅಷ್ಟರಲ್ಲಿ ಪ್ರತಿಗಳು ಎಲ್ಲ ಕಡೆ ಹರಡಿದ್ದವು. ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸಿನಲ್ಲೂ ಒಂದು ಪ್ರತಿ ಇತ್ತು. ಸಂಶೋಧನೆಗೆ ಮಾತ್ರ, ವ್ಯಾಪಾರಕ್ಕಲ್ಲ ಅಂತ ಅದರ ಜೊತೆಗೇ ಬರೆದಿತ್ತು. ಆದರೂ ಮಾರ್ಕೆಟಿಂಗ್‌ನವರೇ ಅದನ್ನು ಜಾಸ್ತಿ ಓದಿದರು.

ಯಾಕೆ ಓದಿದರು ಅಂದರೆ, ಅದರಲ್ಲಿ ಐದು ಕಾಲಮ್ ಇದ್ದವು. ಬಳಕೆದಾರರ ನಂಬರ್, ಹುಡುಕಿದ ಪದ, ಸಮಯ, ಒತ್ತಿದ ಫಲಿತಾಂಶ ಎಷ್ಟನೇ ಸ್ಥಾನದಲ್ಲಿತ್ತು, ಅದು ಯಾವ ಸೈಟು. ಮೊದಲ ಸ್ಥಾನದಲ್ಲಿರುವವರಿಗೆ ಎಷ್ಟು ಕ್ಲಿಕ್ ಬೀಳುತ್ತದೆ ಅನ್ನೋದಕ್ಕೆ ಅಲ್ಲಿಯ ತನಕ ಹೊರಗಿನವರ ಕೈಗೆ ಇಷ್ಟು ದೊಡ್ಡ ಲೆಕ್ಕ ಸಿಕ್ಕಿರಲಿಲ್ಲ. ಈ ಫೈಲಿನಲ್ಲಿ ನೂರು ಕ್ಲಿಕ್‌ನಲ್ಲಿ 42 ಮೊದಲ ಸ್ಥಾನಕ್ಕೆ, ಸುಮಾರು 12 ಎರಡನೆಯದಕ್ಕೆ, ಹತ್ತನೆಯದಕ್ಕೆ ಬರೀ 3. ಮೊದಲ ಪುಟದಲ್ಲೇ ಹತ್ತಿರ ಹತ್ತಿರ 90 ಮುಗಿದುಹೋಗುತ್ತದೆ. ಎಷ್ಟೋ ವರ್ಷ ಎಸ್‌ಇಒ ಪ್ರಪೋಸಲ್‌ಗಳಲ್ಲಿ ಓಡಾಡಿದ ಅಂಕಿ ಇದು. ಈಗ ಅದನ್ನು ಹಾಗೇ ನಂಬಬೇಡಿ. ಆಗ ಪುಟದ ತುಂಬ ಹತ್ತು ಲಿಂಕ್ ಇರುತ್ತಿತ್ತು. ಈಗ ಫೋನಿನಲ್ಲಿ ಮೇಲೆ ಜಾಹೀರಾತು, ಮ್ಯಾಪ್, ಸಿದ್ಧ ಉತ್ತರ ಎಲ್ಲ ಬಂದ ಮೇಲೆ ಲಿಂಕ್ ಕಾಣುವುದು.

ಈ ಸಲ ನಾನು ಮಾಡಿದ್ದು ಇಷ್ಟು. ಮೊದಲನೇ ಕಾಲಮ್, ಅಂದರೆ ಬಳಕೆದಾರರ ನಂಬರನ್ನೇ ಅಳಿಸಿ, ಮತ್ತೆ ಲೆಕ್ಕ ಹಾಕಿದೆ. ಅದೇ 42, ಅದೇ 12, ಅದೇ 3. ಒಂದು ಚೂರೂ ಬದಲಾಗಲಿಲ್ಲ. ವ್ಯಾಪಾರದವರಿಗೆ ಅಷ್ಟು ಬೇಕಾಗಿದ್ದ ಅಂಕಿಗೆ ಆ ನಂಬರಿನ ಅಗತ್ಯವೇ ಇರಲಿಲ್ಲ.

ಆದರೆ ಜನರನ್ನು ಬಯಲಿಗೆ ತಂದಿದ್ದು ಅದೇ ನಂಬರ್. ಒಬ್ಬರ ಮೂರು ತಿಂಗಳ ಹುಡುಕಾಟವನ್ನೆಲ್ಲ ಅದು ಒಂದೇ ದಾರದಲ್ಲಿ ಪೋಣಿಸಿಬಿಟ್ಟಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಜಾರ್ಜಿಯಾ ರಾಜ್ಯದ ಒಬ್ಬ ವಯಸ್ಸಾದ ಮಹಿಳೆಯ ಮನೆ ಬಾಗಿಲಿಗೇ ಹೋಯಿತು. ಅವರ ಊರಿನ ಕೆಲಸಗಾರರ ಹುಡುಕಾಟ, ಅವರದೇ ಮನೆತನದ ಹೆಸರಿನವರ ಹುಡುಕಾಟ, ಅಷ್ಟು ಸಾಕಾಗಿತ್ತು. ಅದೇ ತಿಂಗಳು ಎಒಎಲ್‌ನ ತಂತ್ರಜ್ಞಾನ ಮುಖ್ಯಸ್ಥರು ಹುದ್ದೆ ಬಿಟ್ಟರು. ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಆ ಮಹಿಳೆಯ ಹುಡುಕಾಟದ ಪಟ್ಟಿಯಲ್ಲಿ ಕಾಯಿಲೆಗಳ ಹೆಸರು ಸುಮಾರು ಇದ್ದವು. ಅವರು ಎಷ್ಟೋ ಸಲ ಗೆಳೆಯರಿಗೋಸ್ಕರ ಕಾಯಿಲೆಗಳ ಬಗ್ಗೆ ಹುಡುಕುತ್ತಿದ್ದರು. ಪಟ್ಟಿ ಓದಿದವರಿಗೆ ಅದೆಲ್ಲ ಅವರದೇ ಕಾಯಿಲೆ ಅನ್ನಿಸುತ್ತದೆ.

ಇದು ನನ್ನ ವಿಷಯದಲ್ಲಿ ಹೇಗಿರುತ್ತದೆ ಅಂತ ನೋಡೋಣ ಅಂದುಕೊಂಡೆ. ಗೂಗಲ್ ಟೇಕ್‌ಔಟ್‌ನಿಂದ ನನ್ನ ಮೂರು ತಿಂಗಳ ಹುಡುಕಾಟ ಇಳಿಸಿಕೊಂಡೆ. ಹೆಸರು ತೆಗೆದೆ, ಬರೀ ಒಂದು ನಂಬರ್ ಇಟ್ಟೆ. ಆಫೀಸಿಗೆ ಹೊಸದಾಗಿ ಬಂದ ಹುಡುಗಿಗೆ ಪ್ರಿಂಟ್ ಕೊಟ್ಟು, ‘ಇದು ಯಾರದು ಅಂತ ಹೇಳು ನೋಡೋಣ’ ಅಂದೆ. ಅದರಲ್ಲಿ ಇಂಥ ಸಾಲುಗಳಿದ್ದವು:

ರಾತ್ರಿ 11:40, ಡಯಾಲಿಸಿಸ್ ಆದವರು ಬಾಳೆಹಣ್ಣು ತಿನ್ನಬಹುದಾ
ರಾತ್ರಿ 11:43, ಪೊಟ್ಯಾಸಿಯಂ ಕಡಿಮೆ ಇರುವ ಹಣ್ಣು
ಬೆಳಗ್ಗೆ 5:50, ವಿಜಯನಗರ ಮೆಟ್ರೋ ಮೊದಲ ಟ್ರೈನ್
ಮಧ್ಯಾಹ್ನ 1:15, ತಾಳಗುಪ್ಪ ಎಕ್ಸ್‌ಪ್ರೆಸ್ ಸೀಟ್ ಇದೆಯಾ ಶುಕ್ರವಾರ

ಇಪ್ಪತ್ತು ನಿಮಿಷ ಆಗಿರಬಹುದು. ‘ಮನೆ ವಿಜಯನಗರ, ಊರು ಸಾಗರದ ಕಡೆ’ ಅಂದವಳು ಸುಮ್ಮನಾದಳು. ಆಮೇಲೆ ಮೆಲ್ಲಗೆ, ‘ಅಕ್ಕಾ, ಇದು ನಿಮ್ಮದಾ? ನಿಮಗೆ ಡಯಾಲಿಸಿಸ್ ಆಗ್ತಿದೆಯಾ?’ ಅಂತ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಡಯಾಲಿಸಿಸ್ ಆಗುತ್ತಿರುವುದು ನನ್ನ ಅಪ್ಪನಿಗೆ. ಯಾರು ಅನ್ನೋದನ್ನು ಸರಿಯಾಗಿ ಹಿಡಿದಿದ್ದಳು, ಏನು ಅನ್ನೋದನ್ನು ತಪ್ಪು ತಿಳಿದಿದ್ದಳು. ಅವಳ ಜಾಗದಲ್ಲಿ ಇನ್ಶೂರೆನ್ಸ್‌ನವರೋ, ಕೆಲಸ ಕೊಡುವವರೋ ಇದ್ದಿದ್ದರೆ ನನ್ನನ್ನು ಕೇಳುತ್ತಲೂ ಇರಲಿಲ್ಲ, ಅಲ್ವಾ?

ಹಾಗಂತ ನಂಬರ್ ಕಾಲಮ್ ಅಳಿಸಿದರೆ ಎಲ್ಲ ಸರಿಹೋಗುವುದಿಲ್ಲ. ಜನ ತಮ್ಮದೇ ಹೆಸರು, ಫೋನ್ ನಂಬರ್ ಎಲ್ಲ ಹುಡುಕುವ ಜಾಗದಲ್ಲೇ ಟೈಪ್ ಮಾಡುತ್ತಾರೆ. ಉಳಿದ ಮೂರು ದಾರಿಗಳು ಬೇರೆ ಆಗುವುದು ಇಲ್ಲೇ.

ಒಂದು ಪದದ ಹುಡುಕಾಟ ಯಾವಾಗ ಏರಿತು, ಯಾವಾಗ ಇಳಿಯಿತು ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ಕೂಡ 2006ರಲ್ಲೇ ಬಂದಿದ್ದು, ಮೇ ತಿಂಗಳಲ್ಲಿ. ಇಲ್ಲಿ ಎಷ್ಟು ಜನ ಅನ್ನುವ ಸಂಖ್ಯೆಯೇ ಇಲ್ಲ. 0ಯಿಂದ 100ರ ಅಳತೆ ಮಾತ್ರ. ಒಬ್ಬರೇ ಪದೇ ಪದೇ ಹುಡುಕಿದ್ದನ್ನು, ತೀರಾ ಕಡಿಮೆ ಜನ ಹುಡುಕಿದ್ದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಕನ್ನಡ ಲಿಪಿಯಲ್ಲಿ ಪದ ಹಾಕಿದರೆ ಎಷ್ಟೋ ಸಲ ಗ್ರಾಫ್ ಖಾಲಿ. ಸೀರೆ ಯಾವ ತಿಂಗಳು ಜಾಸ್ತಿ ಹುಡುಕುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಚೆನ್ನಾಗಿರುವುದು ಇಲ್ಲ. ಯಾವುದನ್ನು ಒತ್ತಿದರು ಅನ್ನೋದಕ್ಕೆ ಪ್ರಯೋಜನವಿಲ್ಲ.

ಮೂರನೆಯದು ಕೀವರ್ಡ್ ಪ್ಲ್ಯಾನರ್, ಜಾಹೀರಾತು ಕೊಡುವವರಿಗೆ ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಅಂತ ಹೇಳುವ ಗೂಗಲ್ ಸಾಧನ. ಇದಕ್ಕೆ ಜಾಹೀರಾತು ಖಾತೆ ಬೇಕು. ಖರ್ಚು ಮಾಡದವರಿಗೆ ‘ನೂರರಿಂದ ಸಾವಿರ’ ಅನ್ನುವಂಥ ದೊಡ್ಡ ಅಂದಾಜು ಸಿಗುತ್ತದೆ. ಬಜೆಟ್ ಹಾಕಲಿಕ್ಕೆ ಸಾಕು.

ನನಗೆ ಹಿಡಿಸಿದ್ದು ನಾಲ್ಕನೆಯದು, ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್. ನಿಮ್ಮ ಸೈಟಿಗೆ ಮಾತ್ರ ಸಂಬಂಧಿಸಿದ ಡೇಟಾ, 16 ತಿಂಗಳಷ್ಟು. ಯಾವ ಪದಕ್ಕೆ ಎಷ್ಟು ಸಲ ಕಂಡಿರಿ, ಎಷ್ಟು ಕ್ಲಿಕ್, ಸರಾಸರಿ ಎಷ್ಟನೇ ಸ್ಥಾನ. ಎಒಎಲ್ ಫೈಲಿನಿಂದ ಮಾರ್ಕೆಟಿಂಗ್‌ನವರು ಹೆಕ್ಕಿದ್ದು ಇದನ್ನೇ. ಇಲ್ಲಿ ಒಬ್ಬರ ಹುಡುಕಾಟವನ್ನು ಇನ್ನೊಂದಕ್ಕೆ ಜೋಡಿಸುವ ನಂಬರ್ ಇಲ್ಲ. ಎರಡು ಮೂರು ತಿಂಗಳಲ್ಲಿ ಕೆಲವು ಡಜನ್ ಜನರಾದರೂ ಕೇಳದ ಪದಗಳನ್ನು ತೋರಿಸುವುದೂ ಇಲ್ಲ. ಸಣ್ಣ ಸೈಟುಗಳಿಗೆ ಇದು ನಿಜವಾಗಲೂ ನಷ್ಟ. ಒಟ್ಟು ಕ್ಲಿಕ್‌ಗೂ ಪಟ್ಟಿಯಲ್ಲಿರುವ ಪದಗಳ ಕ್ಲಿಕ್‌ಗೂ ತಾಳೆ ಆಗುವುದಿಲ್ಲ. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಬಾಳೆಹಣ್ಣಿನ ಆ ಸಾಲು ನೆನಪಾದಾಗಿಂದ ಬರುವುದಿಲ್ಲ.

ಹೋದ ತಿಂಗಳು ಸಾಗರದ ಹತ್ತಿರದ ಹೋಮ್‌ಸ್ಟೇ ಸೈಟಿಗೆ ಅದನ್ನೇ ತೆರೆದು ಕೂತಿದ್ದೆ. ‘ಜೋಗ್ ಫಾಲ್ಸ್ ಪೆಟ್ ಹೋಮ್‌ಸ್ಟೇ’ ಅನ್ನುವ ಪದಕ್ಕೆ ಸೈಟು ತುಂಬಾ ಸಲ ಕಂಡಿತ್ತು, ಕ್ಲಿಕ್ ಮಾತ್ರ ಬೆರಳೆಣಿಕೆಯಷ್ಟು. ಮಾಲೀಕರಿಗೆ ಫೋನ್ ಮಾಡಿದೆ. ‘ಅಯ್ಯೋ, ನಮ್ಮ ಮನೇಲೇ ಎರಡು ನಾಯಿ ಇದಾವಲ್ಲ, ಬರಲಿ ಬಿಡಿ’ ಅಂದರು. ಅವತ್ತೇ ಪುಟದ ಮೇಲ್ಭಾಗದಲ್ಲಿ ಒಂದು ಸಾಲು ಸೇರಿಸಿದೆವು: ನಿಮ್ಮ ನಾಯಿಯನ್ನೂ ಕರೆದುಕೊಂಡು ಬನ್ನಿ.