ಕಲಬುರಗಿಯ ಬಿಸಿಲಿನಲ್ಲಿ ಮೂರು ಆನ್‌ಲೈನ್ ಬೇಸಿಗೆ ಶಿಬಿರಗಳು: ಎರಡು ಸೋತವು, ಒಂದು ಗೆದ್ದಿತು

ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚುತ್ತದೆ. ಆ ಹೊತ್ತಿಗೆ ನಮ್ಮೂರಿನಲ್ಲಿ ಬೆಳಿಗ್ಗೆ ಹತ್ತಕ್ಕೆಲ್ಲ ಅಂಗಳದ ಶಹಾಬಾದ್ ಫರಸಿಯ ಮೇಲೆ ಬರಿಗಾಲು ಊರಲಾಗುವುದಿಲ್ಲ. ಸರ್ಕಾರವೇ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ನಾನು ಅಂಥದೊಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಎರಡನೇ ತರಗತಿಗೆ ಹೋಗಲಿರುವ ಮಗಳಿಗೆ ಆರೂವರೆ ವರ್ಷ, ಮಗನಿಗೆ ನಾಲ್ಕೂವರೆ. ಮನೆಯಲ್ಲಿ ಅತ್ತೆಯವರಿದ್ದಾರೆ. ಆದರೆ ಅರವತ್ತೆಂಟರ ವಯಸ್ಸಿನಲ್ಲಿ ಅವರು ಇಬ್ಬರು ಮಕ್ಕಳನ್ನು ನಾನು ಮನೆಗೆ ಬರುವವರೆಗೂ ಒಂದೇ ಕೋಣೆಯಲ್ಲಿ ಹಿಡಿದಿಟ್ಟುಕೊಳ್ಳಬೇಕೆಂದರೆ, ಕಡೆಗೆ ಮಕ್ಕಳ ಕೈಗೆ ಸಿಗುವುದು ಮೊಬೈಲೇ.

ಮೈಸೂರಿನಲ್ಲಿದ್ದಿದ್ದರೆ ರಂಗಾಯಣದ ಚಿನ್ನರ ಮೇಳಕ್ಕೆ ಅರ್ಜಿ ಹಾಕುತ್ತಿದ್ದೆ. ಬೆಂಗಳೂರಿನಲ್ಲಿದ್ದಿದ್ದರೆ ಕಬ್ಬನ್ ಪಾರ್ಕಿನ ಜವಾಹರ ಬಾಲಭವನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಮಕ್ಕಳು ಒಂದೆಡೆ ಸೇರಿ, ಮಣ್ಣು ಮುಟ್ಟಿ, ಜಗಳವಾಡಿ, ರಾಜಿಯಾಗುವ ಶಿಬಿರಕ್ಕೆ ಯಾವ ಪರದೆಯೂ ಸಮವಲ್ಲ. ಆದರೆ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ನಾಲ್ಕೂವರೆ ವರ್ಷದವನನ್ನು ಆಟೋದಲ್ಲಿ ಕೂರಿಸಿ ಊರ ಆಚೆಯ ಶಿಬಿರಕ್ಕೆ ಕಳಿಸಲು ಧೈರ್ಯ ಬರಲಿಲ್ಲ. ಹಾಗಾಗಿ ಕಳೆದ ಎರಡು ಬೇಸಿಗೆಗಳಲ್ಲಿ ಮೂರು ಆನ್‌ಲೈನ್ ಶಿಬಿರಗಳಿಗೆ ಹಣ ಕಟ್ಟಿದೆ. ಮುಂದಿನ ರಜೆಗೆ ಹುಡುಕಾಡುವ ತಂದೆ ತಾಯಂದಿರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುತ್ತಿಲ್ಲ. ಮೊದಲನೆಯವರ ಮೇಲೆ ದೂರು ಇನ್ನೂ ನಡೆಯುತ್ತಿದೆ. ಕೊನೆಯವರು ಮನೆಯಿಂದಲೇ ನಡೆಸುವವರು, ಅವರನ್ನು ಕೇಳದೆ ಹೆಸರು ಹಾಕುವುದು ಸರಿಯಲ್ಲ.

ಮೊದಲನೆಯದು ದೊಡ್ಡ ಕಂಪನಿಯದು. ಆರು ವರ್ಷದ ಮಕ್ಕಳಿಗೆ ಕೋಡಿಂಗ್, ಇಂಗ್ಲಿಷ್ ಮಾತು ಮತ್ತು ‘ಬುದ್ಧಿ ಚುರುಕುಗೊಳಿಸುವ ಗಣಿತ’. ಉಚಿತ ಮಾದರಿ ತರಗತಿ ಮುಗಿದ ಹತ್ತು ನಿಮಿಷಕ್ಕೆ ಫೋನ್ ಬಂತು. ‘ಮೇಡಂ, ನಿಮ್ಮ ಮಗಳಲ್ಲಿ ವಿಶೇಷ ಪ್ರತಿಭೆ ಇದೆ. ಇವತ್ತು ರಾತ್ರಿ 12ರೊಳಗೆ ಕಟ್ಟಿದರೆ ಅರ್ಧ ಬೆಲೆ’ ಎಂದರು. ನನ್ನ ಮಗಳು ಆ ತರಗತಿಯಲ್ಲಿ ತನ್ನ ಹೆಸರು ಬಿಟ್ಟು ಬೇರೇನನ್ನೂ ಹೇಳಿರಲಿಲ್ಲ. ಆದರೂ ತಾಯಿಯ ಮನಸ್ಸು, ಉಬ್ಬಿತು. ಒಟ್ಟಿಗೆ ಕಟ್ಟಲಾಗದಿದ್ದರೆ ಕಂತಿನಲ್ಲಿ ಕಟ್ಟಬಹುದು ಎಂದು ಒಂದು ಲಿಂಕ್ ಕಳಿಸಿದರು. ನನ್ನ ಗಂಡ ಅದನ್ನು ಪೂರ್ತಿ ಓದಿ ನೋಡಿದರೆ ಅದು ಶುಲ್ಕದ ಕಂತಾಗಿರಲಿಲ್ಲ, ಬೇರೊಂದು ಹಣಕಾಸು ಸಂಸ್ಥೆಯಿಂದ ನನ್ನ ಹೆಸರಿನಲ್ಲಿ ಸಾಲ ಪಡೆಯುವ ಅರ್ಜಿಯಾಗಿತ್ತು. ಇಂಥದ್ದರ ಬಗ್ಗೆ, ಖಾತೆಯಿಂದ ತಾನಾಗಿ ಹಣ ಕಡಿತವಾಗಲು ಒಪ್ಪಿಗೆ ಕೊಡುವುದರ ಬಗ್ಗೆ ಎಚ್ಚರದಿಂದಿರಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ ಪೋಷಕರಿಗೆ ಸಲಹೆ ಹೊರಡಿಸಿತ್ತು. ಅದು ನನಗೆ ಆಮೇಲೆ ತಿಳಿಯಿತು. ಸಾಲ ಬೇಡವೆಂದು 6,500 ರೂಪಾಯಿಯನ್ನು ಒಂದೇ ಸಲ ಕಟ್ಟಿದೆವು.

ಎರಡು ವಾರದಲ್ಲಿ ಮೂವರು ಶಿಕ್ಷಕರು ಬದಲಾದರು. ಮೂವರೂ ಒಳ್ಳೆಯವರೇ, ಆದರೆ ಒಬ್ಬರಿಗೂ ಹಿಂದಿನ ದಿನ ಏನಾಯಿತೆಂದು ಗೊತ್ತಿರುತ್ತಿರಲಿಲ್ಲ. ಪಾಠವೆಲ್ಲ ಇಂಗ್ಲಿಷ್‌ನಲ್ಲಿ. ಅರ್ಥವಾಯಿತೇ ಎಂದು ಕೇಳಿದಾಗಲೆಲ್ಲ ಮಗಳು ‘ಯೆಸ್ ಮ್ಯಾಮ್’ ಎನ್ನುತ್ತಿದ್ದಳು, ಅರ್ಥವಾಗದಿದ್ದಾಗ ಇನ್ನೂ ಬೇಗ ಎನ್ನುತ್ತಿದ್ದಳು. ಕೋಡಿಂಗ್ ಎಂದರೆ ಬಣ್ಣದ ತುಂಡುಗಳನ್ನು ಎಳೆದು ಒಂದರ ಕೆಳಗೊಂದು ಜೋಡಿಸುವುದು. ಎಲ್ಲಿ ಎಳೆಯಬೇಕೆಂದು ಶಿಕ್ಷಕರೇ ಬಾಣದ ಗುರುತಿನಿಂದ ತೋರಿಸುತ್ತಿದ್ದರು. ಒಂದು ಗಂಟೆ ತರಗತಿ, ಅದರ ಮೇಲೆ ಅವರದೇ ಆ್ಯಪಿನಲ್ಲಿ ಮುಕ್ಕಾಲು ಗಂಟೆ ಅಭ್ಯಾಸ. ಭಾರತೀಯ ಮಕ್ಕಳ ವೈದ್ಯರ ಸಂಘದ ಮಾರ್ಗಸೂಚಿ 2ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರದ ಪರದೆ, 5ರಿಂದ 10 ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ ಎನ್ನುತ್ತದೆ. ಈ ಲೆಕ್ಕದಲ್ಲಿ ದಿನದ ಪಾಲು ಮಧ್ಯಾಹ್ನದೊಳಗೇ ಬಹುಪಾಲು ಮುಗಿದಿರುತ್ತಿತ್ತು. ಸಂಜೆ ಹೊತ್ತಿಗೆ ಕಣ್ಣು ಉಜ್ಜಿಕೊಳ್ಳಲು ಶುರು ಮಾಡಿದಳು. ಹದಿನಾರನೇ ದಿನ ನಿಲ್ಲಿಸಿಬಿಟ್ಟೆ.

ಎರಡನೆಯದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ವಾಟ್ಸ್‌ಆ್ಯಪಿನಲ್ಲಿ ಹರಿದಾಡಿದ 299 ರೂಪಾಯಿಯ ಶಿಬಿರ. ಒಂದೇ ತರಗತಿಯಲ್ಲಿ ನೂರನಲವತ್ತು ಮಕ್ಕಳು, ಎಲ್ಲರ ಧ್ವನಿಯೂ ಬಂದ್. ಒಂದು ದಿನ ‘ನಿಮ್ಮ ಮನೆಯಲ್ಲಿ ಯಾವ ಪ್ರಾಣಿ ಇದೆ?’ ಎಂದು ಕೇಳಿದರು. ಮಗಳು ಕೈ ಎತ್ತಿದಳು. ಪರದೆಯ ಮೇಲಿನ ಕೈಯ ಗುರುತು ಅವಳಿಗೆ ತಿಳಿಯದು, ತನ್ನದೇ ಕೈಯನ್ನು ಮೇಲೆತ್ತಿ ಹಿಡಿದಳು. ಬಲಗೈ ಸೋತಾಗ ಎಡಗೈ. ಎಡಗೈ ಸೋತಾಗ ಎಡಗೈಗೆ ಬಲಗೈಯ ಆಸರೆ. ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಅಷ್ಟರಲ್ಲಿ ಅವರು ಯೂಟ್ಯೂಬಿನ ಹಾಡೊಂದನ್ನು ಹಚ್ಚಿದರು. ಹಾಡು ಮುಗಿಯುವವರೆಗೂ ಅವಳ ಕೈ ಮೇಲೆಯೇ ಇತ್ತು. ಆಮೇಲೆ ಇಳಿಸಿ ನನ್ನ ಕಡೆ ತಿರುಗಿ, ‘ಅಮ್ಮಾ, ನಮ್ಮ ಮನೆಯಲ್ಲಿ ಹಲ್ಲಿ ಇದೆ ಎಂದು ಹೇಳಬೇಕಿತ್ತು’ ಎಂದಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ ಎನ್ನುತ್ತದೆ. ಶಿಬಿರದ ವಿಡಿಯೊಗಳನ್ನು, ಮಕ್ಕಳ ಮುಖ ಮತ್ತು ಹೆಸರಿನ ಸಮೇತ, ಎಲ್ಲರೂ ಇರುವ ಗುಂಪಿನಲ್ಲಿ ಹಾಕುತ್ತಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಇಲ್ಲಿ ನಮ್ಮನ್ನು ಕೇಳಿದವರೇ ಇಲ್ಲ. ಮೂರನೇ ದಿನಕ್ಕೆ ಗುಂಪಿನಿಂದ ಹೊರಬಂದೆ.

ಮೂರನೆಯದು ಈ ವರ್ಷದ್ದು. ಧಾರವಾಡದ ಇಬ್ಬರು ಶಿಕ್ಷಕಿಯರು ನಡೆಸುತ್ತಾರೆ. ಒಬ್ಬರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ನನ್ನ ಸಹೋದ್ಯೋಗಿಯ ತಂಗಿ ಹೇಳಿದ್ದರಿಂದ ತಿಳಿಯಿತು. ಹನ್ನೆರಡು ದಿನ, ಒಂದು ಗುಂಪಿಗೆ ಎಂಟೇ ಮಕ್ಕಳು. ಆರರಿಂದ ಎಂಟು ವರ್ಷದವರಿಗೆ ಸಂಜೆ 5ರಿಂದ 5.40, ನಾಲ್ಕೈದು ವರ್ಷದವರಿಗೆ ಬೇರೆ ಗುಂಪು, 25 ನಿಮಿಷ. ಮೊದಲ ಮಗುವಿಗೆ 1,500 ರೂಪಾಯಿ, ಎರಡನೆಯದಕ್ಕೆ 1,000. ಮಾಧ್ಯಮ ಕನ್ನಡ.

ಎರಡು ಬಾರಿ ಕೈ ಸುಟ್ಟುಕೊಂಡಿದ್ದ ನಾನು ಪ್ರಶ್ನೆಗಳ ದೊಡ್ಡ ಪಟ್ಟಿಯನ್ನೇ ಇಟ್ಟುಕೊಂಡು ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳತೊಡಗಿದರು. ಮಗು ಬಲಗೈಯವಳೋ ಎಡಗೈಯವಳೋ? ಕತ್ತರಿ ಹಿಡಿದು ಅಭ್ಯಾಸವಿದೆಯೇ? ಯಾವುದಕ್ಕೆ ಹೆದರುತ್ತಾಳೆ? ಪಕ್ಕದಲ್ಲಿ ಯಾರು ಕೂರುತ್ತಾರೆ? ‘ನೀವು ಕೂತರೂ ಆಯಿತು, ಅಜ್ಜಿ ಕೂತರೂ ಆಯಿತು. ಆದರೆ ಉತ್ತರ ಮಾತ್ರ ಹೇಳಿಕೊಡಬೇಡಿ’ ಎಂದರು. ಮೊದಲ ಕಂಪನಿಯವರು ನನ್ನನ್ನು ಕೇಳಿದ್ದು ಸಂಬಳ ಎಷ್ಟು ಎಂದು. ಹಣ ಕಟ್ಟುವ ಮೊದಲು ನೀವು ಒಂದನ್ನೇ ಗಮನಿಸುವುದಾದರೆ ಇದನ್ನು ಗಮನಿಸಿ: ಅವರು ನಿಮ್ಮ ಮಗುವಿನ ಬಗ್ಗೆ ಏನು ಕೇಳುತ್ತಾರೆ.

ತರಗತಿ ನಡೆಯುವ ಬಗೆ ಹೀಗೆ. ಮೊದಲ ಐದು ನಿಮಿಷ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ನಿನ್ನೆ ಹೇಳಿದ್ದನ್ನು ನೆನಪಿಟ್ಟುಕೊಂಡು ವಿಚಾರಿಸುತ್ತಾರೆ: ಬಿದ್ದ ಹಲ್ಲು ಎಲ್ಲಿಟ್ಟೆ, ಬೆಕ್ಕು ಮರಿ ಹಾಕಿತೇ. ಆಮೇಲೆ ಎಂಟು ಹತ್ತು ನಿಮಿಷ ಒಂದು ಕಥೆ, ಪುಸ್ತಕ ನೋಡದೆ. ಅಲ್ಲಿಂದ ಮುಂದೆ ‘ಈಗ ನನ್ನನ್ನು ನೋಡಬೇಡಿ, ನಿಮ್ಮ ಕೈ ನೋಡಿಕೊಳ್ಳಿ’ ಎನ್ನುತ್ತಾರೆ. ಮಕ್ಕಳು ಪರದೆ ಬಿಟ್ಟು ನೆಲಕ್ಕೆ ಬಗ್ಗುತ್ತಾರೆ. ನಲವತ್ತರಲ್ಲಿ ಇಪ್ಪತ್ತು ನಿಮಿಷ ಲ್ಯಾಪ್‌ಟಾಪಿನಲ್ಲಿ ಕಾಣುವುದು ಎಂಟು ಎಣ್ಣೆ ಹಚ್ಚಿದ ನೆತ್ತಿಗಳು, ಅಷ್ಟೇ.

ಬೇಕಾಗುವ ಸಾಮಾನಿನ ಪಟ್ಟಿ ಹಿಂದಿನ ರಾತ್ರಿಯೇ ಬರುತ್ತದೆ. ಹಳೆಯ ಪತ್ರಿಕೆ, ಮೈದಾ ಅಂಟು, ದಾರ, ಬೆಂಕಿಪೊಟ್ಟಣ. ಕೊಳ್ಳಬೇಕಾದದ್ದು ಏನೂ ಇಲ್ಲ. ನಾಲ್ಕನೇ ದಿನದ ಪಟ್ಟಿಯಲ್ಲಿದ್ದದ್ದು ‘ನಿಮ್ಮ ಮನೆಯಲ್ಲಿರುವ ಒಂದು ಹಿಡಿ ಕಾಳು’. ನಮ್ಮಲ್ಲಿ ಇನ್ನಾವ ಕಾಳು ಇರುತ್ತದೆ, ತೊಗರಿ. ಪುತ್ತೂರಿನ ಹುಡುಗಿ ಕಾಳು ಸಿಗಲಿಲ್ಲವೆಂದು ಹುಣಸೆ ಬೀಜ ತಂದಿದ್ದಳು. ಶಾರ್ಜಾದಲ್ಲಿರುವ ದಾವಣಗೆರೆ ಕಡೆಯವರ ಹುಡುಗ ರಾಜ್ಮಾ ತಂದಿದ್ದ. ಅವನಿಗೆ ಆಗ ಮಧ್ಯಾಹ್ನ ಮೂರೂವರೆ, ಊಟ ಮುಗಿಸಿ ತೂಕಡಿಸುತ್ತಲೇ ಬರುವವನು. ‘ಇವು ಎಲ್ಲಿಂದ ಬಂದವು?’ ಎಂದು ಟೀಚರ್ ಕೇಳಿದಾಗ ಶಾರ್ಜಾದ ಹುಡುಗ ‘ಅಂಗಡಿಯಿಂದ’ ಎಂದ. ನನ್ನ ಮಗಳು ಎದ್ದು ಓಡಿ ಅಜ್ಜಿಯನ್ನೇ ಕೈಹಿಡಿದು ಎಳೆದುಕೊಂಡು ಬಂದಳು.

ಅತ್ತೆಯವರು ಎಂದೂ ಕ್ಯಾಮೆರಾ ಮುಂದೆ ಕೂತವರಲ್ಲ. ಸೆರಗು ಸರಿಪಡಿಸಿಕೊಂಡು, ‘ಅಕ್ಕೋರೇ, ಮುಂಗಾರಿಗೆ ಬಿತ್ತುತ್ತೇವೆ, ಎಳ್ಳಮಾವಾಸ್ಯೆಯ ಹೊತ್ತಿಗೆ ರಾಶಿ’ ಎಂದು ಶುರು ಮಾಡಿದವರು ಹೂವು ಬಿಟ್ಟಾಗ ಹೊಲವೆಲ್ಲ ಹಳದಿಯಾಗುವುದನ್ನು, ಕಾಯಿಗೆ ಹುಳು ಬಿದ್ದ ವರ್ಷ ಗಿಡಗಳನ್ನು ಅಲ್ಲಾಡಿಸಿ ಹುಳು ಉದುರಿಸಿದ್ದನ್ನು ಹೇಳಿದರು. ಎಂಟೂ ಮಕ್ಕಳು ಬಾಯಿ ತೆರೆದುಕೊಂಡು ಕೇಳಿದರು. ಅಂದು ಕಾಳು ಅಂಟಿಸಿ ಚಿತ್ರ ಮಾಡುವ ಕೆಲಸ ಅರ್ಧಕ್ಕೇ ನಿಂತಿತು, ಟೀಚರ್ ಅವಸರಪಡಿಸಲಿಲ್ಲ. 2019ರಲ್ಲಿ ನಮ್ಮ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ, ಅಂದರೆ ಈ ನೆಲದ್ದೇ ಎಂಬ ಅಧಿಕೃತ ಗುರುತು, ಸಿಕ್ಕಾಗ ಕಚೇರಿಯಲ್ಲಿ ಪೇಡಾ ಹಂಚಿದ್ದೆವು. ಆದರೆ ನನ್ನ ಮಗಳಿಗೆ ತೊಗರಿ ತನ್ನದು ಅನ್ನಿಸಿದ್ದು ಅಂದು ಸಂಜೆ, ಅದೂ ಧಾರವಾಡದಲ್ಲಿ ಕೂತವರೊಬ್ಬರು ಕೇಳಿದ ಒಂದು ಪ್ರಶ್ನೆಯಿಂದ.

ಕೊರತೆಗಳೂ ಇವೆ. ಲೆಕ್ಕದ ಆಟಗಳು ಕಥೆಯಷ್ಟು ಚೆನ್ನಾಗಿಲ್ಲ. ಎಣಿಸುವುದು, ಮತ್ತೆ ಎಣಿಸುವುದು, ಅಲ್ಲಿಗೇ ನಿಲ್ಲುತ್ತದೆ. ಎರಡು ದಿನ ಅವರ ಕಡೆಯಿಂದಲೇ ಸಂಪರ್ಕ ಕಡಿದುಹೋಯಿತು. ಒಂದು ದಿನಕ್ಕೆ ಬದಲಿ ತರಗತಿ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ರಸೀದಿಯನ್ನು ಎರಡು ಸಲ ಕೇಳಿ ಪಡೆಯಬೇಕಾಯಿತು. ಚಿಕ್ಕವರ ಗುಂಪಿಗೆ ಹೇಳಿದ ರಾಕ್ಷಸನ ಕಥೆಯಿಂದ ಮಗ ಎರಡು ರಾತ್ರಿ ಬೆಚ್ಚಿದ. ತಿಳಿಸಿದ ಮೇಲೆ ಮರುದಿನವೇ ಆ ರಾಕ್ಷಸನಿಗೆ ನೆಗಡಿ ಬರಿಸಿ, ಮಕ್ಕಳಿಂದಲೇ ಅವನಿಗೆ ಕಷಾಯ ಕುಡಿಸಿದರು. ಇನ್ನೊಂದು ಮಾತು ಮುಖ್ಯ: ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು. ಮಕ್ಕಳನ್ನು ಲ್ಯಾಪ್‌ಟಾಪಿನ ಮುಂದೆ ಬಿಟ್ಟು ನಿಮ್ಮ ಕೆಲಸ ಮುಗಿಸಿಕೊಳ್ಳುವ ಯೋಚನೆಯಿದ್ದರೆ ಈ ಶಿಬಿರ ನಿಮಗೆ ಹೊಂದುವುದಿಲ್ಲ. ನಾಲ್ಕು ವರ್ಷದ ಮಕ್ಕಳಿಗೆ ಹಾಗೆ ಬಿಡಬಹುದಾದ ಶಿಬಿರ ಇದೆ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. 2020ರಲ್ಲಿ ಆನ್‌ಲೈನ್ ಪಾಠಗಳ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿಯೂ ಪೂರ್ವ ಪ್ರಾಥಮಿಕದವರ ವಿಷಯದಲ್ಲಿ ಆನ್‌ಲೈನ್ ಸಮಯ ಪೋಷಕರೊಡನೆ ಮಾತಾಡಿ ದಾರಿ ತೋರಲಿಕ್ಕೆ, ಅದೂ 30 ನಿಮಿಷ ಮೀರದಂತೆ, ಎಂದೇ ಹೇಳಿತ್ತು.

ನಮ್ಮ ಕಡೆಯವರಿಗಾಗಿ ಕೆಲವು ಅನುಭವದ ಮಾತು. ಕೂಲರ್ ಇರುವ ಕೋಣೆಯಲ್ಲಿ ಕೂರಿಸಬೇಡಿ, ಅದರ ಸದ್ದೇ ಮೈಕಿನೊಳಗೆ ನುಗ್ಗಿ ಮಗುವಿನ ಮಾತು ಯಾರಿಗೂ ಕೇಳುವುದಿಲ್ಲ. ನಾವು ಒಳಕೋಣೆಯ ಕಿಟಕಿಗೆ ಲಾವಂಚದ ಪರದೆ ಕಟ್ಟಿ ನೀರು ಚಿಮುಕಿಸಿಕೊಂಡೆವು. ಇಂಟರ್‌ನೆಟ್ ಪೆಟ್ಟಿಗೆಯ ತಂತಿಯನ್ನು ಇನ್ವರ್ಟರಿಗೆ ಸೇರಿಸಿದ್ದರಿಂದ ಕರೆಂಟ್ ಹೋದಾಗಲೂ ತರಗತಿ ನಿಲ್ಲಲಿಲ್ಲ. ಮೊಬೈಲಿಗಿಂತ ಲ್ಯಾಪ್‌ಟಾಪ್ ಒಳ್ಳೆಯದು. ಮೊಬೈಲನ್ನು ಮಕ್ಕಳು ಕೈಯಲ್ಲಿ ಹಿಡಿದುಬಿಡುತ್ತಾರೆ, ಮತ್ತೆ ಕತ್ತರಿ ಹಿಡಿಯಲು ಕೈ ಎಲ್ಲಿದೆ?

ಹಣವೇ ಕಷ್ಟವಾದರೆ ಶಿಬಿರವಿಲ್ಲದೆಯೂ ಬೇಸಿಗೆ ಕಳೆಯಬಹುದು. ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್ 2015ರಿಂದ ಇದೆ, ಪೂರ್ತಿ ಉಚಿತ, ಕನ್ನಡದ ಕಥೆಗಳನ್ನು ಓದಿನ ಹಂತಕ್ಕೆ ತಕ್ಕಂತೆ ಆರಿಸಿಕೊಳ್ಳಬಹುದು. ಕಸದಿಂದ ಆಟಿಕೆ ಮಾಡುವ ಅರವಿಂದ ಗುಪ್ತಾ ಅವರ ಜಾಲತಾಣವೂ ಉಚಿತ. ಒಂದು ಕಡ್ಡಿಪೊಟ್ಟಣ, ಒಂದು ಸೈಕಲ್ ಟ್ಯೂಬಿನ ತುಂಡು ಇದ್ದರೆ ಮಧ್ಯಾಹ್ನ ಕಳೆದದ್ದೇ ಗೊತ್ತಾಗುವುದಿಲ್ಲ.

ಮೊದಲ ಕಂಪನಿ ಉಳಿದ ಹಣ ಮರಳಿಸಲಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಎರಡೂ ಆಗದಿದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಮಾತಾಡಿದ ದಿನಾಂಕ, ಸಂದೇಶಗಳ ಚಿತ್ರ, ಪಾವತಿಯ ವಿವರ ಎಲ್ಲವನ್ನೂ ಇಟ್ಟುಕೊಂಡಿದ್ದರಿಂದ ಆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ನೀವೂ ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ಧಾರವಾಡದವರ ಶಿಬಿರ ಶುಕ್ರವಾರ ಮುಗಿಯಿತು. ಕೊನೆಯ ದಿನ ಎಲ್ಲರೂ ಕಾಗದದ ಗಿರಗಿಟ್ಟಲೆ ಮಾಡಿದರು. ಮಗ ತನ್ನದನ್ನು ಕೂಲರಿನ ಮುಂದೆ ಹಿಡಿದು ಕರೆಂಟ್ ಹೋಗುವವರೆಗೂ ಅಲ್ಲಾಡಲಿಲ್ಲ. ಸೋಮವಾರ ಸಂಜೆ ಬಿಸಿಲು ಇಳಿದ ಮೇಲೆ ನೋಡಿದರೆ, ಮನೆ ಮುಂದಿನ ಕಟ್ಟೆಯ ಮೇಲೆ ಪಕ್ಕದ ಮನೆಯ ಮೂರು ಮಕ್ಕಳು ಸಾಲಾಗಿ ಕೂತಿದ್ದಾರೆ, ಮಗಳು ಅವರ ಎದುರು ನಿಂತಿದ್ದಾಳೆ. ರಾತ್ರಿ ಮಲಗುವ ಮುನ್ನ ನನ್ನ ಕೈಗೊಂದು ಚೀಟಿ ಕೊಟ್ಟಳು, ನಾಳೆಗೆ ತಪ್ಪದೆ ಬೇಕಂತೆ: ಹಳೆಯ ಪೇಪರ್ 4, ಗುಂಡುಪಿನ್ನು 4, ತೊಗರಿ 1 ಹಿಡಿ, ಅಜ್ಜಿ.